ಪಂಕ್ತಿಯಲ್ಲಿ ಕುಳಿತ ರಾಹು

ಸಮುದ್ರಮಥನದ ಕಥೆ ನಮಗೆಲ್ಲ ತಿಳಿದದ್ದೇ. ಮೋಹಿನಿಯು ದೇವತೆಗಳ ಪಂಕ್ತಿಗೆ ಅಮೃತವನ್ನು ಬಡಿಸುತ್ತ ಬರುತ್ತಿದ್ದಾಗ, ದೇವತೆಯ ವೇಷ ಧರಿಸಿದ ರಾಕ್ಷಸನೊಬ್ಬ ಸೂರ್ಯಚಂದ್ರರ ಪಕ್ಕದಲ್ಲಿ ಕುಳಿತು ಕೈಯೊಡ್ಡಿದ. ಗುರುತು ಹತ್ತುವಷ್ಟರಲ್ಲಿ ಅಮೃತ ಅವನ ಕೊರಳಿಗಿಳಿದಿತ್ತು. ಶಿರವನ್ನು ಕತ್ತರಿಸಿದರೂ ರಾಹು ಸಾಯಲಿಲ್ಲ. ಈ ಕಥೆಯನ್ನು ನಾನು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದ್ದೆ. ಅದಕ್ಕಿರಬಹುದಾದ ಒಂದು ಅರ್ಥ ಹೊಳೆದದ್ದು ಮಾತ್ರ ಸುಮಾರು ಹದಿನೈದು ವರ್ಷಗಳ ಹಿಂದೆ, ಒಂದು ಆಸ್ಪತ್ರೆಯಲ್ಲಿ.

ನನ್ನ ಅಕ್ಕನಿಗೆ ಸ್ತನದ ಕ್ಯಾನ್ಸರ್ ಆಗಿತ್ತು. ಶಸ್ತ್ರಚಿಕಿತ್ಸೆ ಮುಗಿದು ಔಷಧಗಳ ಚಿಕಿತ್ಸೆ ಮೊದಲಾಗಿತ್ತು. ನೋಡಲು ಬಂದವರಾರೂ ಬರಿಗೈಯಲ್ಲಿ ಬರಲಿಲ್ಲ. ನಮ್ಮ ಬಾಲ್ಯದಲ್ಲಿ ರೋಗಿಗಳಿಗೆ ಮೋಸಂಬಿ ಒಯ್ಯುತ್ತಿದ್ದರು. ಈಗ ಜೀವಸತ್ವದ ಶೀಶೆಗಳು ಬಂದವು. ವಿಟಮಿನ್ ಸಿ, ವಿಟಮಿನ್ ಇ, ಸತುವು, ಸೆಲೆನಿಯಂ: ಗೋಡೆಯ ಗೂಡು ತುಂಬಿತು. ನಾನೂ ಹಿಂದೆ ಬೀಳಲಿಲ್ಲ. ರಕ್ತವೃದ್ಧಿಗೆ ಒಳ್ಳೆಯದೆಂದು ಯಾರೋ ಹೇಳಿದರೆಂದು ಫೋಲಿಕ್ ಆಮ್ಲದ ಮಾತ್ರೆಗಳನ್ನು ತಂದಿಟ್ಟೆ. ದಿನವೂ ನಾನೇ ನೀರು ಕೊಟ್ಟು ನುಂಗಿಸುತ್ತಿದ್ದೆ.

ಒಂದು ದಿನ ಡಾಕ್ಟರು ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತಂದು ತೋರಿಸುವಂತೆ ಹೇಳಿದರು. ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವರು ಒಂದೊಂದಾಗಿ ನೋಡುತ್ತ ಬಂದು ನನ್ನ ಶೀಶೆಯನ್ನು ಕೈಗೆತ್ತಿಕೊಂಡರು. “ಮೇಷ್ಟ್ರೇ, ನಾವು ಅಕ್ಕನವರಿಗೆ ಕೊಡುತ್ತಿರುವ ಔಷಧಗಳಲ್ಲಿ ಒಂದು ಕೆಲಸ ಮಾಡುವುದೇ ಇದನ್ನು ತಡೆದು. ನೀವು ಇದನ್ನೇ ಕೊಡುತ್ತಿದ್ದರೆ ಹೇಗೆ?” ಎಂದರು. ಆ ಮಾತಿನಲ್ಲಿ ಗದರಿಕೆ ಇರಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಾರನೆಯ ದಿನದಿಂದ ನಾನು ಓದಲು ತೊಡಗಿದೆ. ಹಾಗೆ ಓದಿ ತಿಳಿದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಫೋಲಿಕ್ ಆಮ್ಲದ ಕಥೆ ಆರಂಭವಾಗುವುದು ನಮ್ಮ ದೇಶದಲ್ಲಿಯೇ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ 1928ರಲ್ಲಿ ಭಾರತಕ್ಕೆ ಬಂದು, ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಪರಿಶೀಲಿಸಿದರು. ಯೀಸ್ಟಿನ ಸಾರವನ್ನು ತಿನ್ನಿಸಿದರೆ ಅದು ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಸತ್ವ ಯಾವುದೆಂಬುದು ಹತ್ತು ವರ್ಷ ಒಗಟಾಗಿಯೇ ಉಳಿಯಿತು. 1941ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ಟನ್ನುಗಟ್ಟಲೆ ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಲ್ಯಾಟಿನ್ನಿನಲ್ಲಿ ಎಲೆ ಎಂಬರ್ಥದ ಪದದಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು.

ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ಕೆಲಸಕ್ಕೆ ಮುಂದಾಳಾದವರು ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿ, ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಸ್ಪ್ರೂ ಎಂಬ ಕರುಳಿನ ಬೇನೆ ಅವರ ಇಬ್ಬರು ಸೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಬಲಿ ತೆಗೆದುಕೊಂಡಿತ್ತು. ಅವರಿಗೂ ಅದು ತಗುಲಿ, ಆಚಂಟ ಲಕ್ಷ್ಮೀಪತಿಗಳ ಆಯುರ್ವೇದ ಚಿಕಿತ್ಸೆಯಿಂದ ಬದುಕಿಕೊಂಡರು. ಮುಂದೆ ಅಮೆರಿಕಕ್ಕೆ ಹೋಗಿ ಹಾರ್ವರ್ಡಿನಲ್ಲಿ ದುಡಿದು, 1940ರಲ್ಲಿ ಲೆಡರ್ಲೆ ಪ್ರಯೋಗಶಾಲೆಯನ್ನು ಸೇರಿದರು. ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಸೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದೇ ಮದ್ದಾಯಿತು. ವಿಜ್ಞಾನಿಗೆ ಇದಕ್ಕಿಂತ ದೊಡ್ಡ ಧನ್ಯತೆ ಯಾವುದಿದ್ದೀತು?

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗವಿಜ್ಞಾನಿ ಇದ್ದರು. ರಕ್ತದ ಕ್ಯಾನ್ಸರಾದ ಲ್ಯುಕೀಮಿಯದಿಂದ ಎಳೆಯ ಮಕ್ಕಳು ಕೆಲವೇ ವಾರಗಳಲ್ಲಿ ಸಾಯುತ್ತಿದ್ದುದನ್ನು ಕಂಡು ನೊಂದವರು. ಸುಬ್ಬರಾವ್ ಅವರ ತಂಡ ಸಿದ್ಧಪಡಿಸಿದ, ಫೋಲಿಕ್ ಆಮ್ಲಕ್ಕೆ ಸೇರಿದ ವಸ್ತುಗಳನ್ನು ಅವರು ರೋಗಿಗಳಿಗೆ ಕೊಟ್ಟು ನೋಡಿದರು. ರಕ್ತಹೀನತೆಗೆ ಅಮೃತವಾದದ್ದು ಇವರಿಗೂ ಒಳಿತು ಮಾಡೀತೆಂಬ ಆಸೆ ಸಹಜವೇ. ಫಲ ವಿಪರೀತವಾಯಿತು. ಲ್ಯುಕೀಮಿಯದ ಮಕ್ಕಳ ಅಸ್ಥಿಮಜ್ಜೆಯನ್ನು ಪರೀಕ್ಷಿಸಿದಾಗ ರೋಗವು ಮತ್ತಷ್ಟು ವೇಗ ಪಡೆದಂತೆ ಕಂಡಿತು.

ಏಕೆ ಹೀಗೆ? ಜೀವಕೋಶವೊಂದು ಎರಡಾಗಬೇಕಾದರೆ ಫೋಲಿಕ್ ಆಮ್ಲ ಬೇಕು. ಕ್ಯಾನ್ಸರ್ ಕೋಶ ಹೊರಗಿನಿಂದ ಬಂದ ಕ್ರಿಮಿಯಲ್ಲ. ನಮ್ಮ ದೇಹದ ಕೋಶವೇ ದಾರಿ ತಪ್ಪಿ ಎಡೆಬಿಡದೆ ಹೆಚ್ಚತೊಡಗಿದ್ದು. ಒಂದೇ ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿದ್ದೇ ಅದಕ್ಕೂ ಬೀಳುತ್ತದೆ. ಅದರ ಹಸಿವೋ ಬಲು ದೊಡ್ಡದು. ಇದನ್ನು ಓದಿದಾಗಲೇ ನನಗೆ ರಾಹುವಿನ ನೆನಪಾದದ್ದು.

ಫಾರ್ಬರ್ ಈ ಸೋಲನ್ನೇ ದಾರಿ ಮಾಡಿಕೊಂಡರು. ಪೋಷಣೆಯಿಂದ ರೋಗ ಬೆಳೆಯುವುದಾದರೆ, ಆ ಪೋಷಣೆಯನ್ನು ತಡೆದರೆ ಕುಗ್ಗಬೇಕಲ್ಲವೆ? ಸುಬ್ಬರಾವ್ ಅವರ ಪ್ರಯೋಗಶಾಲೆಯಿಂದಲೇ ಫೋಲಿಕ್ ಆಮ್ಲವನ್ನು ಹೋಲುವ, ಆದರೆ ಅದರ ಕೆಲಸಕ್ಕೆ ತಡೆಯೊಡ್ಡುವ ಅಮಿನಾಪ್ಟೆರಿನ್ ಬಂತು. ಅಮೃತವೆಂದು ನುಂಗಿದ ಕೋಶ ಉಪವಾಸ ಬೀಳುವಂಥ ವಸ್ತು ಅದು. 1948ರ ಜೂನಿನಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿಗೆ ರೋಗ ತಾತ್ಕಾಲಿಕವಾಗಿ ಇಳಿಯಿತು. ಅದು ಕೆಲವು ತಿಂಗಳ ಬಿಡುವು ಮಾತ್ರ. ಆದರೆ ಮದ್ದಿನಿಂದ ಈ ರೋಗ ಹಿಮ್ಮೆಟ್ಟಬಲ್ಲುದೆಂಬುದಕ್ಕೆ ಅದೇ ಮೊದಲ ಸಾಕ್ಷಿ. ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು, ವಯಸ್ಸು 53. ಅಮಿನಾಪ್ಟೆರಿನ್ನಿನ ಸೋದರವಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ನನ್ನ ಅಕ್ಕನಿಗೆ ಕೊಡುತ್ತಿದ್ದುದು ಅದನ್ನೇ.

ಈ ಪಾಠ ಕಲಿತ ಮೇಲೂ ಲೋಕ ಜೀವಸತ್ವದ ಮೋಹವನ್ನು ಬಿಡಲಿಲ್ಲ. ಎರಡು ನೊಬೆಲ್ ಬಹುಮಾನಗಳನ್ನು ಪಡೆದ ಲೈನಸ್ ಪಾಲಿಂಗ್ ಅವರೇ 1976ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಯೂವನ್ ಕ್ಯಾಮರೂನರೊಡನೆ ಒಂದು ಪ್ರಬಂಧವನ್ನು ಪ್ರಕಟಿಸಿದರು. ದಿನಕ್ಕೆ 10 ಗ್ರಾಂ ವಿಟಮಿನ್ ಸಿ ಪಡೆದ 100 ಮಂದಿ ಕೊನೆಯ ಹಂತದ ರೋಗಿಗಳು, ಹಳೆಯ ದಾಖಲೆಗಳಿಂದ ಆರಿಸಿದ 1000 ಮಂದಿಗಿಂತ ಸರಾಸರಿ ನಾಲ್ಕು ಪಟ್ಟಿಗೂ ಹೆಚ್ಚು ಕಾಲ ಬದುಕಿದರೆಂದು ಅದರ ವಾದ. ಆದರೆ ದಾಖಲೆಯ ರೋಗಿಯೊಡನೆ ಕಣ್ಣೆದುರಿನ ರೋಗಿಯನ್ನು ಹೋಲಿಸುವುದು ನ್ಯಾಯವಾದ ತಕ್ಕಡಿಯಲ್ಲ. ಮೇಯೊ ಕ್ಲಿನಿಕ್ಕಿನ ವೈದ್ಯರು ಕೆಲವರಿಗೆ ವಿಟಮಿನ್ನನ್ನೂ ಕೆಲವರಿಗೆ ಹುಸಿಮಾತ್ರೆಯನ್ನೂ ಕೊಟ್ಟು, ಯಾರಿಗೆ ಯಾವುದೆಂಬುದನ್ನು ಗುಟ್ಟಾಗಿರಿಸಿ ಪರೀಕ್ಷಿಸಿದರು. 1979ರಲ್ಲಿಯೂ 1985ರಲ್ಲಿಯೂ ಪ್ರಯೋಜನ ಕಾಣಲಿಲ್ಲ. ರಕ್ತನಾಳದ ಮೂಲಕ ಕೊಟ್ಟರೆ ಪರಿಣಾಮ ಬೇರೆಯಾದೀತೆ ಎಂಬ ಸಂಶೋಧನೆ ಮುಂದುವರಿದಿದೆ. ಆದರೆ ಅದು ಅಂಗಡಿಯ ಶೀಶೆಯ ಮಾತಲ್ಲ.

ರೋಗ ಬಾರದಂತೆ ತಡೆಯಲು ಮಾಡಿದ ಪ್ರಯತ್ನಗಳೂ ಪೆಟ್ಟು ತಿಂದವು. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಬೀಟಾ ಕೆರೊಟೀನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತೆಂದು 1994ರಲ್ಲಿ ತಿಳಿದುಬಂತು.

ಹಾಗಾದರೆ ಜೀವಸತ್ವಗಳೆಲ್ಲ ವರ್ಜ್ಯವೆ? ಹಾಗೆಂದರೆ ಇನ್ನೊಂದು ತಪ್ಪಾದೀತು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಕಬ್ಬಿಣವನ್ನೋ ವಿಟಮಿನ್ ಡಿಯನ್ನೋ ವೈದ್ಯರೇ ಬರೆದುಕೊಡುತ್ತಾರೆ. ಜಠರವನ್ನು ಪೂರ್ತಿಯಾಗಿ ತೆಗೆದವರಿಗೆ ಬಿ-12 ಬೇಕೇ ಬೇಕು. ಮೆಥೊಟ್ರೆಕ್ಸೇಟನ್ನು ಬಹುದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ, ಗೊತ್ತಾದ ಗಂಟೆಗಳು ಕಳೆದ ಮೇಲೆ ಫೋಲಿಕ್ ಆಮ್ಲದ ಇನ್ನೊಂದು ರೂಪವನ್ನೇ ಕೊಟ್ಟು ಒಳ್ಳೆಯ ಕೋಶಗಳನ್ನು ಉಳಿಸುತ್ತಾರೆ. ಪೆಮೆಟ್ರೆಕ್ಸೆಡ್ ಎಂಬ ಔಷಧದೊಡನೆಯಂತೂ ಫೋಲಿಕ್ ಆಮ್ಲ, ಬಿ-12 ಎರಡನ್ನೂ ಕೊಡುವುದು ನಿಯಮ. ವಸ್ತು ಅದೇ, ಯಾವಾಗ, ಎಷ್ಟು, ಯಾವುದರ ಜೊತೆಗೆ ಎಂಬುದರ ಮೇಲೆ ಅದು ಅಮೃತವೋ ಅಲ್ಲವೋ ತೀರ್ಮಾನವಾಗುತ್ತದೆ. ಬಡಿಸುವವನಿಗೆ ಪಂಕ್ತಿಯಲ್ಲಿ ಯಾರು ಕುಳಿತಿದ್ದಾರೆಂಬ ಅರಿವಿರಬೇಕು, ಅಷ್ಟೆ.

ಅಕ್ಕ ಚಿಕಿತ್ಸೆ ಮುಗಿಸಿ ಚೇತರಿಸಿಕೊಂಡಳು. ಅದಾದ ಮೇಲೆ ಒಂಬತ್ತು ವರ್ಷ ಬಾಳಿದಳು. ನನ್ನ ಮಾತ್ರೆಗಳಿಂದ ಅವಳಿಗೆ ಕೇಡಾಯಿತೆಂದು ಡಾಕ್ಟರು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಆ ಶೀಶೆಗಳನ್ನು ಎಸೆಯಲು ಹೊರಟಾಗ ಅವಳೇ ತಡೆದಳು. “ಇರಲಿ ಬಿಡೋ. ಕೊಟ್ಟವರು ಬಂದಾಗ ಕಾಣದಿದ್ದರೆ ನೊಂದುಕೊಳ್ಳುತ್ತಾರೆ” ಎಂದಳು. ಹಾಗೆ ಮುಚ್ಚಳ ತೆಗೆಯದ ಶೀಶೆಗಳು ಬಹುಕಾಲ ಆ ಗೂಡಿನಲ್ಲಿಯೇ ಇದ್ದವು. ತಂದುಕೊಟ್ಟವರ ಪ್ರೀತಿಯಲ್ಲಿ ಕಲಬೆರಕೆ ಇರಲಿಲ್ಲ. ಆದ್ದರಿಂದ ಕೇಳುಗರಲ್ಲಿ ನನ್ನ ವಿನಂತಿ ಇಷ್ಟೇ: ಆ ಪ್ರೀತಿಯ ಶೀಶೆ ರೋಗಿಯ ಕೈ ಸೇರುವ ಮುನ್ನ ಒಮ್ಮೆ ವೈದ್ಯರ ಮೇಜನ್ನು ಹಾದುಹೋಗಲಿ.