ಸಂಚಾರ ಉಲ್ಲಂಘನೆ ಮತ್ತು ಅಮೆರಿಕದ ಪೌರತ್ವ

ಅಮೆರಿಕದಲ್ಲಿ ಗ್ರೀನ್ ಕಾರ್ಡ್‌ಗೋ ಪೌರತ್ವಕ್ಕೋ ಅರ್ಜಿ ಹಾಕುವವರು ಅತಿವೇಗ, ಕೆಂಪುದೀಪ ದಾಟಿದ್ದು, ಸೀಟ್ ಬೆಲ್ಟ್ ಕಟ್ಟದಿದ್ದದ್ದು ಮೊದಲಾದ ತಪ್ಪುಗಳಿಗೆ ಸಿಕ್ಕ ‘ಟಿಕೆಟ್’ಗಳ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ. ಒಂದೆರಡು ಟಿಕೆಟ್‌ಗಳಿಂದಲೇ ಅರ್ಜಿ ಬಿದ್ದುಹೋಗುವುದು ಅಪರೂಪ. ಟಿಕೆಟನ್ನು ಮುಚ್ಚಿಟ್ಟರೆ, ದಂಡ ಕಟ್ಟದೆ ಉಳಿಸಿಕೊಂಡರೆ ಅಥವಾ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮಾತ್ರ ಸಣ್ಣ ವಿಷಯ ದೊಡ್ಡದಾಗುತ್ತದೆ.

ಅರ್ಜಿದಾರ ಸಚ್ಚಾರಿತ್ರ್ಯವಂತನಾಗಿರಬೇಕು ಎಂಬ ಷರತ್ತು ಆ ದೇಶದ ಪೌರತ್ವ ಕಾನೂನಿನಷ್ಟೇ ಹಳೆಯದು. 1790ರ ಮೊದಲ ಕಾಯ್ದೆಯಲ್ಲೇ ಇದೆ. ಈಗ ಜಾರಿಯಲ್ಲಿರುವುದು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆ. ಅರ್ಜಿಗೆ ಹಿಂದಿನ ಐದು ವರ್ಷ, ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಆ ಆಧಾರದ ಮೇಲೆ ಬಂದವರಿಗೆ ಮೂರು ವರ್ಷ, ನಡತೆಯ ಪರಿಶೀಲನೆಯ ಅವಧಿ. ಅದಕ್ಕಿಂತ ಹಿಂದಿನದನ್ನು ನೋಡಬಾರದೆಂದೇನಿಲ್ಲ. ಸಚ್ಚಾರಿತ್ರ್ಯವೆಂದರೇನು ಎಂದು ಕಾಯ್ದೆ ಹೇಳುವುದಿಲ್ಲ. ಯಾರಿಗೆ ಅದಿಲ್ಲ ಎಂದು ಪಟ್ಟಿ ಕೊಡುತ್ತದೆ. ಸದಾ ಕುಡುಕನಾಗಿರುವವನು, ಒಟ್ಟು 180 ದಿನ ಅಥವಾ ಹೆಚ್ಚು ಜೈಲಿನಲ್ಲಿದ್ದವನು, ವಲಸೆ ಸೌಲಭ್ಯಕ್ಕಾಗಿ ಸುಳ್ಳು ಸಾಕ್ಷ್ಯ ನುಡಿದವನು ಆ ಪಟ್ಟಿಯಲ್ಲಿದ್ದಾರೆ. ವೇಗಮಿತಿ ಮೀರಿದವನು ಇಲ್ಲ.

ಪೌರತ್ವದ ಅರ್ಜಿ ನಮೂನೆ ಎನ್-400. ಯಾವುದೇ ಪೊಲೀಸ್ ಅಧಿಕಾರಿ ನಿಮ್ಮನ್ನು ಎಂದಾದರೂ ಬಂಧಿಸಿದ್ದಾರೆಯೇ, ತಡೆದಿಟ್ಟಿದ್ದಾರೆಯೇ, ‘ಸೈಟ್’ ಮಾಡಿದ್ದಾರೆಯೇ ಎಂದು ಅದು ಕೇಳುತ್ತದೆ. ತೊಡಕಿರುವುದು ಈ ಕೊನೆಯ ಪದದಲ್ಲಿ. ರಸ್ತೆ ಬದಿಗೆ ನಿಲ್ಲಿಸಿ ಪೊಲೀಸ್ ಬರೆದುಕೊಡುವ ಟಿಕೆಟ್‌ಗೆ ಕಾನೂನಿನ ಹೆಸರು ಸೈಟೇಷನ್. ಆದ್ದರಿಂದ ನೂರು ಡಾಲರ್ ದಂಡ ಕಟ್ಟಿ ಮರೆತವರೂ ‘ಹೌದು’ ಎಂದೇ ಉತ್ತರಿಸಬೇಕು. ಗಾಜಿನ ಮೇಲೆ ಸಿಕ್ಕಿಸಿಟ್ಟು ಹೋದ ಪಾರ್ಕಿಂಗ್ ಚೀಟಿಯೂ ಇದರಲ್ಲಿ ಸೇರುತ್ತದೆಯೇ ಎಂಬ ಬಗ್ಗೆ ವಕೀಲರಲ್ಲಿ ಒಮ್ಮತವಿಲ್ಲ. ಕಾಗದಪತ್ರಗಳ ಮಟ್ಟಿಗೆ ನಿಯಮ ಸಡಿಲವಾಗಿಯೇ ನಡೆದುಬಂದಿದೆ: ಬಂಧನವಾಗದೆ, ದಂಡ 500 ಡಾಲರ್‌ಗಿಂತ ಕಡಿಮೆಯಿದ್ದು ಅಥವಾ ಲೈಸೆನ್ಸ್ ಮೇಲೆ ಪಾಯಿಂಟ್ ಮಾತ್ರ ಬಿದ್ದಿದ್ದು, ಮದ್ಯ ಅಥವಾ ಮಾದಕವಸ್ತುವಿನ ಸಂಬಂಧವಿಲ್ಲದಿದ್ದರೆ ದಾಖಲೆ ಲಗತ್ತಿಸಬೇಕಿಲ್ಲ. ದಾಖಲೆ ಬೇಡ ಎಂದ ಮಾತ್ರಕ್ಕೆ ಹೇಳುವುದೂ ಬೇಡ ಎಂದು ತಿಳಿದು ಎಡವುವವರಿದ್ದಾರೆ.

ಒಂದೇ ತಪ್ಪು ಒಂದು ರಾಜ್ಯದಲ್ಲಿ ಬರಿಯ ದಂಡ, ಇನ್ನೊಂದರಲ್ಲಿ ಅಪರಾಧ. ಕ್ಯಾಲಿಫೋರ್ನಿಯದಲ್ಲಿ ಮಾಮೂಲಿ ಅತಿವೇಗ ‘ಇನ್‌ಫ್ರಾಕ್ಷನ್’; ಅದಕ್ಕೆ ಜೈಲಿಲ್ಲ. ವರ್ಜೀನಿಯದಲ್ಲಿ ಮಿತಿಗಿಂತ 20 ಮೈಲಿ ಹೆಚ್ಚು ಓಡಿಸಿದರೆ, ಅಥವಾ ಮಿತಿ ಎಷ್ಟೇ ಇರಲಿ 85 ಮೈಲಿ ದಾಟಿದರೆ, ಅದು ಬೇಜವಾಬ್ದಾರಿ ಚಾಲನೆ ಎಂಬ ಕ್ರಿಮಿನಲ್ ಮೊಕದ್ದಮೆ. ಹನ್ನೆರಡು ತಿಂಗಳವರೆಗೆ ಸೆರೆ, 2,500 ಡಾಲರ್‌ವರೆಗೆ ದಂಡ ವಿಧಿಸಬಹುದು. ‘ನನ್ನ ಮೇಲೆ ಕೇಸೇ ಇಲ್ಲ, ಬರೀ ಸ್ಪೀಡಿಂಗ್’ ಎನ್ನುವ ಮುನ್ನ ಯಾವ ರಾಜ್ಯದ ಹೆದ್ದಾರಿ ಎಂದು ನೋಡಿಕೊಳ್ಳಬೇಕು.

ಸಂದರ್ಶನದಲ್ಲಿ ಅರ್ಜಿದಾರ ಬಲಗೈ ಎತ್ತಿ ಪ್ರಮಾಣ ಮಾಡಿದ ಮೇಲೆ ಅಧಿಕಾರಿ ನಮೂನೆಯ ಪ್ರಶ್ನೆಗಳನ್ನು ಬಾಯಲ್ಲಿ ಮತ್ತೆ ಕೇಳುತ್ತಾರೆ. ಉತ್ತರಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುವ ರೂಢಿಯಿತ್ತು. ಈಗ ಬಹುಮಟ್ಟಿಗೆ ಪರದೆಯ ಮೇಲೆ. ‘ಇಲ್ಲ’ ಎಂದು ಬರೆದಿದ್ದವನು ಇಲ್ಲಿ ‘ಹೌದು, ಒಂದು ಟಿಕೆಟ್ ಇತ್ತು’ ಎಂದು ತಿದ್ದಿಕೊಳ್ಳಬಹುದು; ಅಧಿಕಾರಿಗಳಿಗೆ ಇದು ದಿನನಿತ್ಯದ ಮಾತು. ಗೊತ್ತಿದ್ದೂ ಇಲ್ಲವೆಂದರೆ ಕಥೆ ಬೇರೆ. ಪ್ರಮಾಣ ಮಾಡಿ, ಸೌಲಭ್ಯ ಪಡೆಯುವ ಉದ್ದೇಶದಿಂದಲೇ ಬಾಯಲ್ಲಿ ಆಡಿದ ಸುಳ್ಳು ಎಷ್ಟೇ ಕ್ಷುಲ್ಲಕವಾಗಿದ್ದರೂ ಸಚ್ಚಾರಿತ್ರ್ಯಕ್ಕೆ ಅಡ್ಡಿ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಕುಂಗಿಸ್ ಪ್ರಕರಣದಲ್ಲಿ ಹೇಳಿತು. ನಿಜ ಹೇಳಿದ್ದರೆ ಏನೂ ಆಗದಿದ್ದ ಟಿಕೆಟ್, ಸುಳ್ಳು ಹೇಳಿದ್ದರಿಂದ ಅರ್ಜಿಯನ್ನೇ ಕೆಡವಬಲ್ಲದು.

ಪೌರತ್ವ ಸಿಕ್ಕ ಮೇಲೂ ಈ ಎಳೆ ಹಿಂದೆ ಬರಬಹುದೇ? ಬೋಸ್ನಿಯದಿಂದ ಬಂದ ಮಹಿಳೆಯೊಬ್ಬರ ಮಸ್ಲೆನ್ಯಾಕ್ ಪ್ರಕರಣದಲ್ಲಿ 2017ರ ಏಪ್ರಿಲ್‌ನಲ್ಲಿ ಅದೇ ಸುಪ್ರೀಂ ಕೋರ್ಟಿನಲ್ಲಿ ಈ ಪ್ರಶ್ನೆ ಎದ್ದಿತು. ಬಂಧನವಾಗದ ಅಪರಾಧಗಳನ್ನೂ ನಮೂನೆ ಕೇಳುತ್ತದಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತಮ್ಮದೇ ಉದಾಹರಣೆ ಕೊಟ್ಟರು: ಬಹಳ ಹಿಂದೆ 55 ಮೈಲಿ ಮಿತಿಯ ರಸ್ತೆಯಲ್ಲಿ ತಾವು 60ರಲ್ಲಿ ಓಡಿಸಿದ್ದುಂಟು, ಸಿಕ್ಕಿಬಿದ್ದಿರಲಿಲ್ಲ, ಇಂಥದ್ದನ್ನು ಬರೆಯದಿದ್ದರೆ ಇಪ್ಪತ್ತು ವರ್ಷದ ಮೇಲೂ ಪೌರತ್ವ ಹೋಗುತ್ತದೆಯೇ? ಅದನ್ನೂ ತಿಳಿಸಬೇಕು ಎಂಬ ನಿಲುವನ್ನು ಸರ್ಕಾರಿ ವಕೀಲರು ಬಿಡಲಿಲ್ಲ. ನ್ಯಾಯಪೀಠಕ್ಕೆ ಅದು ಒಪ್ಪಿಗೆಯಾಗಲಿಲ್ಲ. ಕ್ರಿಮಿನಲ್ ಶಿಕ್ಷೆ ವಿಧಿಸಿ ಪೌರತ್ವ ಕಿತ್ತುಕೊಳ್ಳಬೇಕಾದರೆ, ಆಡಿದ ಸುಳ್ಳಿಗೂ ಪೌರತ್ವ ಸಿಕ್ಕಿದ್ದಕ್ಕೂ ಸಂಬಂಧವಿರಬೇಕು ಎಂದು ಅದು ಅದೇ ಜೂನ್‌ನಲ್ಲಿ ತೀರ್ಪಿತ್ತಿತು.

ಕುಡಿದು ಓಡಿಸುವುದು, ಅಲ್ಲಿಯವರ ಬಾಯಲ್ಲಿ ಡಿಯುಐ, ಸಣ್ಣಪುಟ್ಟ ಉಲ್ಲಂಘನೆಯಲ್ಲ. ಪರಿಶೀಲನೆಯ ಅವಧಿಯಲ್ಲಿ ಎರಡು ಸಲ ಶಿಕ್ಷೆಯಾಗಿದ್ದರೆ ಸಚ್ಚಾರಿತ್ರ್ಯವಿಲ್ಲ ಎಂದೇ ಭಾವಿಸಿ, ಇದೆಯೆಂದು ತೋರಿಸುವ ಹೊರೆಯನ್ನು ಅರ್ಜಿದಾರನ ಮೇಲೆ ಹಾಕಬೇಕು ಎಂದು 2019ರ ಅಟಾರ್ನಿ ಜನರಲ್ ತೀರ್ಮಾನ ಹೇಳುತ್ತದೆ. ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರು ತೊಂದರೆಗೆ ಸಿಲುಕಲು ಶಿಕ್ಷೆಯೇ ಆಗಬೇಕಿಲ್ಲ. ಬಂಧನವಾದರೂ ಪಾಸ್‌ಪೋರ್ಟ್‌ನಲ್ಲಿರುವ ವೀಸಾವನ್ನು ವಿದೇಶಾಂಗ ಇಲಾಖೆ ರದ್ದು ಮಾಡಬಹುದು. ದೇಶದೊಳಗೆ ಇರುವ ತನಕ ಕೆಲಸಕ್ಕೆ ಅಡ್ಡಿಯಿಲ್ಲ. ತಂಗಿಯ ಮದುವೆಗೆಂದು ಊರಿಗೆ ಬಂದರೆ ಮಾತ್ರ ಹೊಸ ವೀಸಾ ಸಿಗುವ ತನಕ ಮರಳುವಂತಿಲ್ಲ, ಅದಕ್ಕೆ ಮೊದಲು ವೈದ್ಯಕೀಯ ತಪಾಸಣೆಯೂ ಇರುತ್ತದೆ.

2025ರಲ್ಲಿ ಹಿಡಿತ ಬಿಗಿಯಾಯಿತು. ಆ ವರ್ಷದ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ವಲಸೆ ದಾಖಲೆಗಳನ್ನು ಸರ್ಕಾರ ರದ್ದು ಮಾಡಿದಾಗ, ಅವರಲ್ಲಿ ಬರೀ ಸಂಚಾರ ದಂಡ ಕಟ್ಟಿದ್ದವರೂ ಇದ್ದರು. ಕೋರ್ಟುಗಳಲ್ಲಿ ದಾವೆಗಳು ಬಿದ್ದ ಮೇಲೆ ಏಪ್ರಿಲ್ ಕೊನೆಯಲ್ಲಿ ದಾಖಲೆಗಳನ್ನು ಮರಳಿ ಜಾರಿಗೆ ತರುವುದಾಗಿ ಹೇಳಿತು. ಆಗಸ್ಟ್ 15ರ ವಲಸೆ ಸೇವಾ ಇಲಾಖೆಯ ಸುತ್ತೋಲೆ, ಬೇಜವಾಬ್ದಾರಿಯ ಅಥವಾ ಪದೇ ಪದೇ ನಡೆಯುವ ಸಂಚಾರ ಉಲ್ಲಂಘನೆಯನ್ನು ಸಚ್ಚಾರಿತ್ರ್ಯದ ತೂಕದಲ್ಲಿ ಎಣಿಸಬಹುದೆಂದು ಹೆಸರಿಸಿಯೇ ಹೇಳಿತು. ಪದೇ ಪದೇ ಎಂದರೆ ಎಷ್ಟು ಸಲ ಎಂದು ಹೇಳಲಿಲ್ಲ, ಅದು ಅಧಿಕಾರಿಯ ವಿವೇಚನೆಗೇ ಬಿಟ್ಟದ್ದು.

ಬಾಕಿ ದಂಡದ ವಿಷಯದಲ್ಲಿ ನಮ್ಮವರಿಗೆ ಒಂದು ಮಾತು ಸಲ್ಲುತ್ತದೆ. 2023ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಸಂಚಾರ ದಂಡದ ಮೇಲೆ ಶೇ 50 ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಕಟ್ಟುವವರ ಸಾಲೇ ನಿಂತಿತ್ತು. ಕಟ್ಟದೆ ಕಾದರೆ ಲಾಭ ಎಂಬ ಪಾಠ ಕೆಲವರಿಗೆ ಅಲ್ಲಿಂದಲೇ ಆಗಿರಬೇಕು. ಅಮೆರಿಕದಲ್ಲಿ ಕಾದವನ ಲೈಸೆನ್ಸ್ ಅಮಾನತಾಗಬಹುದು, ಕೋರ್ಟು ವಾರಂಟ್ ಹೊರಡಿಸಬಹುದು. ಅಮಾನತಾದ ಲೈಸೆನ್ಸ್‌ನಲ್ಲಿ ಗಾಡಿ ತೆಗೆದರೆ ಅದು ಹಲವು ರಾಜ್ಯಗಳಲ್ಲಿ ಕ್ರಿಮಿನಲ್ ಪ್ರಕರಣ. ಅದರಲ್ಲಿ ಕೋರ್ಟು ಪ್ರೊಬೇಷನ್ ವಿಧಿಸಿದರೆ, ಅದು ಮುಗಿಯುವವರೆಗೆ ಪೌರತ್ವ ಮಂಜೂರಾಗುವುದೂ ಇಲ್ಲ. ಎನ್-400ರ ಪ್ರಶ್ನೆಗೆ ದೇಶದ ಗಡಿಯಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಡಿ ಕುಡಿದು ಓಡಿಸಿ ಸಿಕ್ಕಿಬಿದ್ದದ್ದನ್ನು ಅಲ್ಲಿನ ಅರ್ಜಿಯಲ್ಲಿ ಹೇಳಲೇಬೇಕು.

ಬೇರೆ ದೇಶಗಳ ದಾರಿ ಬೇರೆ. ಜರ್ಮನಿಯಲ್ಲಿ ವೇಗದ ದಂಡ ಅಪರಾಧವೇ ಅಲ್ಲ; ಅಪರಾಧಕ್ಕೆ ದಿನದ ಆದಾಯದ ಲೆಕ್ಕದಲ್ಲಿ ಬಿದ್ದ ದಂಡವೂ 90 ದಿನಗಳೊಳಗಿದ್ದರೆ ಪೌರತ್ವಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಬ್ರಿಟನ್ನಿನಲ್ಲಿ ನಿಗದಿತ ದಂಡದ ನೋಟಿಸನ್ನು ಹೊತ್ತಿಗೆ ಕಟ್ಟಿದ್ದರೆ ಸಾಮಾನ್ಯವಾಗಿ ಗಣಿಸುವುದಿಲ್ಲ. ಕೆನಡಾ ಮಾತ್ರ 2018ರ ಡಿಸೆಂಬರ್ 18ರಿಂದ ಕುಡಿದು ಓಡಿಸುವುದಕ್ಕೆ ಗರಿಷ್ಠ ಶಿಕ್ಷೆಯನ್ನು ಹತ್ತು ವರ್ಷಕ್ಕೆ ಏರಿಸಿ ಅದನ್ನು ಗಂಭೀರ ಅಪರಾಧದ ಸಾಲಿಗೆ ತಂದಿತು. ಕಾಯಂ ನಿವಾಸದ ಹಕ್ಕೇ ಹೋಗಬಹುದು.

ಅಮೆರಿಕದ ಅರ್ಜಿದಾರನಿಗೆ ಪ್ರಶ್ನೆಗಳು ಸಂದರ್ಶನದಲ್ಲೇ ಮುಗಿಯುವುದಿಲ್ಲ. ಪ್ರಮಾಣವಚನದ ದಿನ ಎನ್-445 ಎಂಬ ಇನ್ನೊಂದು ನಮೂನೆ ತುಂಬಬೇಕು. ಸಂದರ್ಶನದ ನಂತರ ನಿಮಗೆ ದಂಡ ಬಿದ್ದಿದೆಯೇ ಎಂದು ಅದು ಕೇಳುತ್ತದೆ, ಸಂಚಾರ ಉಲ್ಲಂಘನೆಯೂ ಸೇರಿ ಎಂದು ಬಿಡಿಸಿ ಹೇಳುತ್ತದೆ. ಸಮಾರಂಭಕ್ಕೆ ತಡವಾಯಿತೆಂದು ಜೋರಾಗಿ ಓಡಿಸಿ ದಾರಿಯಲ್ಲಿ ಟಿಕೆಟ್ ಪಡೆದವನು, ಗ್ರೀನ್ ಕಾರ್ಡ್ ಒಪ್ಪಿಸುವ ಕೌಂಟರಿನಲ್ಲಿ ಆ ಚೀಟಿಯನ್ನೂ ತೆಗೆದು ತೋರಿಸಬೇಕು.