ಕೂರಿಸಿದ್ದೆಲ್ಲ ಸೆಟ್

ಮೇಲಿನ ಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನು ‘ಸೆಟ್ ಅಸೈಡ್’ ಮಾಡಿದರೆ ಆ ತೀರ್ಪು ಹೋಯಿತು. ಸಂಬಳದಲ್ಲಿ ಒಂದಿಷ್ಟನ್ನು ‘ಸೆಟ್ ಅಸೈಡ್’ ಮಾಡಿದರೆ ಆ ದುಡ್ಡು ಉಳಿಯಿತು. ಪದ ಅದೇ, ಪರಿಣಾಮ ತದ್ವಿರುದ್ಧ. ‘ಸೆಟ್ ಆಫ್’ ಅಂದರೆ ಹೊರಡುವುದು. ಮಳೆ ‘ಸೆಟ್ ಇನ್’ ಆಯಿತೆಂದರೆ ಹಿಡಿದುಕೊಂಡಿತು, ಸದ್ಯಕ್ಕೆ ಬಿಡುವಂತಿಲ್ಲ.

ಇಂಗ್ಲಿಷಿನ ಈ ಪುಟ್ಟ ಪದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿ 430 ಅರ್ಥಗಳನ್ನು ಕೊಟ್ಟಿತ್ತು. ಅದನ್ನು ವಿವರಿಸಲು ಹಿಡಿದದ್ದು ಸುಮಾರು 60,000 ಪದ, ಒಂದು ಕಾದಂಬರಿಗೆ ಸಾಕಾಗುವಷ್ಟು! ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ 645 ಅರ್ಥಗಳೊಡನೆ ಓಡಿ ಮುಂದೆ ಹೋಯಿತು.

ಇಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಕನ್ನಡಿಗರಿಗೆ ಇಲ್ಲೊಂದು ಒಳದಾರಿಯಿದೆ. ‘ಸಿಟ್’ ಎಂದರೆ ಕೂರು. ‘ಸೆಟ್’ ಎಂಬ ಕ್ರಿಯಾಪದ ಹುಟ್ಟಿನಲ್ಲಿ ಅದರ ಪ್ರೇರಣಾರ್ಥಕ, ಅಂದರೆ ಕೂರಿಸು. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ಮೂಳೆ ವೈದ್ಯರು ಜರುಗಿದ ಎಲುಬನ್ನು ಕೂರಿಸುತ್ತಾರೆ. ಇಂಗ್ಲಿಷಿನವರಿಗೆ ಎರಡೂ ಸೆಟ್ಟೇ. ಸಿನಿಮಾದವರು ಹಾಕುವ ಸೆಟ್ ಕೂಡ ಈ ವಂಶದ್ದೇ. ಸಂಜೆಯ ಸೂರ್ಯನ ವಿಷಯದಲ್ಲಿ ಮಾತ್ರ ದಾರಿ ಬೇರೆ: ನಮ್ಮವನು ಮುಳುಗುತ್ತಾನೆ, ಅವರವನು ಸೆಟ್ ಆಗುತ್ತಾನೆ.

ಹಾಗಾದರೆ ಸೆಟ್ ದೋಸೆಯಲ್ಲಿ ಯಾರು ಏನನ್ನು ಕೂರಿಸಿದರು? ಯಾರೂ ಇಲ್ಲ. ತಟ್ಟೆಗೆ ಜೊತೆಯಾಗಿ ಬರುವ ಎರಡೋ ಮೂರೋ ಮೆತ್ತನೆಯ ದೋಸೆಗಳ ಆ ‘ಸೆಟ್’ ಮೂಲದಲ್ಲಿ ಬೇರೊಂದು ಪದ. ಗುಂಪು ಎಂಬರ್ಥದ ಈ ಸೆಟ್, ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು, ಪಂಥ ಎಂಬರ್ಥದ ‘ಸೆಕ್ಟ್’ ಇದರ ಸೋದರ. ಎರಡು ಮನೆತನಗಳು ಒಂದೇ ಹೆಸರು ಹೊತ್ತು, ಬರಬರುತ್ತಾ ಒಂದರ ಅರ್ಥ ಇನ್ನೊಂದಕ್ಕೆ ಹತ್ತಿಕೊಂಡಿತು. ಅರ್ಥಗಳ ಪಟ್ಟಿ ಉದ್ದವಾಗಲು ಇದೂ ಒಂದು ಕಾರಣ.

ಕನ್ನಡ ಎರಡನ್ನೂ ಒಳಗೆ ಕರೆದುಕೊಂಡಿದೆ. ಮೋಟಾರು, ಪಂಪು ಸೇರಿದರೆ ಪಂಪ್‌ಸೆಟ್ಟು. ಮೇಸ್ತ್ರಿ ‘ಕಾಂಕ್ರೀಟ್ ಸೆಟ್ ಆಗ್ಲಿ, ಆಮೇಲೆ ಸೆಂಟ್ರಿಂಗ್ ಬಿಚ್ಚೋಣ’ ಎನ್ನುತ್ತಾನೆ. ‘ಅವರಿಬ್ಬರಿಗೂ ಸೆಟ್ ಆಗಲ್ಲ ಬಿಡಿ’ ಎಂದರೆ ಸಂಬಂಧದ ಮಾತು ಅಲ್ಲಿಗೆ ಮುಗಿಯಿತು. ಹೀಗೆ ‘ಆಗು’, ‘ಮಾಡು’ ಬೆನ್ನಿಗೆ ನಿಂತ ಮೇಲೆ ಪದ ನಮ್ಮ ವ್ಯಾಕರಣಕ್ಕೆ ಒಗ್ಗಿದಂತೆಯೇ.

ಗಣಿತದ ‘ಸೆಟ್’ಗೆ ನಮ್ಮ ಪಠ್ಯಪುಸ್ತಕಗಳು ಇಟ್ಟ ಹೆಸರು ‘ಗಣ’. ಅಂದಮೇಲೆ ಪ್ರತಿ ಭಾದ್ರಪದದಲ್ಲಿ ಬೀದಿ ಹುಡುಗರು ‘ಗಣಪತಿ ಕೂರಿಸ್ತೀವಿ, ಚಂದಾ ಕೊಡಿ’ ಎಂದು ಬಂದಾಗ ಎರಡೂ ಸೆಟ್ ಒಟ್ಟಿಗೇ ಬಾಗಿಲಿಗೆ ಬಂದಂತೆ: ಒಂದು ದೇವರ ಹೆಸರಿನಲ್ಲಿ, ಇನ್ನೊಂದು ಕ್ರಿಯಾಪದದಲ್ಲಿ.