ಹುಟ್ಟುಮಚ್ಚೆಯೂ ತಾಯಿಯ ಮೇಲಿನ ಆರೋಪವೂ

ಎಳೆ ಮಗುವಿನ ಮುಖದಲ್ಲಿ ಕೆಂಪು ಮಚ್ಚೆ ಕಂಡರೆ ಮೊದಲ ಪ್ರಶ್ನೆ ತಾಯಿಗೆ: ಗ್ರಹಣದ ದಿನ ಹೊರಗೆ ಹೋಗಿದ್ದೆಯಾ? ಯುರೋಪಿನಲ್ಲೂ ಬಸುರಿಯ ಈಡೇರದ ಬಯಕೆಯೇ ಮಗುವಿನ ಚರ್ಮದಲ್ಲಿ ಮೂಡುತ್ತದೆಂದು ನಂಬಿದ್ದರು. ಪ್ರವಾದಿ(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಗಿತ್ತು. ಜನರು ಅದನ್ನು ಆ ಸಾವಿನೊಂದಿಗೆ ತಳಕು ಹಾಕಿದಾಗ, ಗ್ರಹಣ ಯಾರ ಸಾವಿಗಾಗಿಯೂ ಬದುಕಿಗಾಗಿಯೂ ಆಗುವುದಲ್ಲವೆಂದು ಪ್ರವಾದಿ(ಸ)ರು ತಿದ್ದಿದರು. ಹೀಗಿದ್ದೂ ಮುಸ್ಲಿಮ್ ಮನೆಗಳಲ್ಲೂ ಬಸುರಿಯರನ್ನು ಗ್ರಹಣದ ಹೊತ್ತು ಕೋಣೆಯೊಳಗೆ ಕೂರಿಸುವುದಿದೆ!

ವೈದ್ಯರೂ ಎಡವದೆ ಇರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲಾರ್ಧದಲ್ಲಿ ಇಂತಹ ಮಚ್ಚೆಗಳಿಗೆ ರೇಡಿಯಂ ಚಿಕಿತ್ಸೆ ರೂಢಿಯಲ್ಲಿತ್ತು. ಸ್ವೀಡನ್ನಿನಲ್ಲಿ ಸಾವಿರಾರು ಹಸುಗೂಸುಗಳಿಗೆ ಅದನ್ನು ನೀಡಲಾಯಿತು. ದಶಕಗಳ ಬಳಿಕ ಆ ಮಕ್ಕಳ ದಾಖಲೆ ಪರಿಶೀಲಿಸಿದವರಿಗೆ, ವಿಕಿರಣ ತಾಗಿದವರಲ್ಲಿ ಸ್ತನ ಕ್ಯಾನ್ಸರ್‌ನಂತಹ ಕಾಯಿಲೆಗಳ ಅಪಾಯ ಹೆಚ್ಚಿದ್ದುದು ಕಂಡುಬಂತು. ದುಃಖದ ಸಂಗತಿಯೆಂದರೆ, ಸ್ಟ್ರಾಬೆರಿಯಂತಹ ಕೆಂಪು ಗಡ್ಡೆಗಳು ಹೆಚ್ಚಾಗಿ ತಾವಾಗಿಯೇ ಕುಗ್ಗುತ್ತವೆಂದು ಬ್ರಿಟನ್ನಿನ ವೈದ್ಯ ಲಿಸ್ಟರ್ 1938ರಲ್ಲೇ ಬರೆದಿದ್ದರು.

ಗೊಂದಲದ ಮೂಲ ಹೆಸರಿನಲ್ಲಿತ್ತು. ಹುಟ್ಟಿನ ಕೆಂಪು ಗುರುತುಗಳೆಲ್ಲವೂ ಹೆಮಾಂಜಿಯೋಮಾ ಎನಿಸಿಕೊಂಡಿದ್ದವು. 1982ರಲ್ಲಿ ಅಮೆರಿಕದ ಮುಲ್ಲಿಕೆನ್ ಮತ್ತು ಗ್ಲೊವಾಕಿ ಎಂಬವರು ಜೀವಕೋಶಗಳ ವರ್ತನೆಯನ್ನು ನೋಡಿ ಎರಡು ಪಂಗಡ ಮಾಡಿದರು. ಹುಟ್ಟಿದ ಕೆಲವು ವಾರಗಳಲ್ಲಿ ಕಾಣಿಸಿಕೊಂಡು, ಭರದಿಂದ ಬೆಳೆದು, ವರ್ಷಗಳಲ್ಲಿ ಕುಗ್ಗುವುದು ಹೆಮಾಂಜಿಯೋಮಾ. ರಕ್ತನಾಳಗಳ ರಚನೆಯಲ್ಲಿಯೇ ಆದ ದೋಷ ಇನ್ನೊಂದು. ಅದು ಹುಟ್ಟುವಾಗಲೇ ಇದ್ದು ಮಗುವಿನೊಂದಿಗೆ ಬೆಳೆಯುತ್ತದೆ, ಕುಗ್ಗುವುದಿಲ್ಲ. ಮೊದಲನೆಯದಕ್ಕೆ ಕಾಯಬಹುದು, ಎರಡನೆಯದಕ್ಕೆ ಕಾದು ಫಲವಿಲ್ಲ.

ಆದರೆ ಕಣ್ಣಿನ ಬಳಿ ಅಥವಾ ಉಸಿರಿನ ದಾರಿಯಲ್ಲಿ ಬೆಳೆದ ಹೆಮಾಂಜಿಯೋಮಾವನ್ನು ಕಾಯುತ್ತಾ ಕೂರಲಾಗದು. ಅದಕ್ಕೆ ಬಹುಕಾಲ ಸ್ಟಿರಾಯ್ಡ್ ಕೊಡುತ್ತಿದ್ದರು. ಫ್ರಾನ್ಸಿನ ಬೋರ್ಡೋದಲ್ಲಿ ಮೂಗಿನ ಮೇಲೆ ಗಡ್ಡೆಯಿದ್ದ ಮಗುವೊಂದಕ್ಕೆ ಸ್ಟಿರಾಯ್ಡ್ ಸೇವನೆಯ ವೇಳೆ ಹೃದಯದ ಸ್ನಾಯು ದಪ್ಪವಾಯಿತು. ಹೃದಯಕ್ಕೆಂದು ಪ್ರೊಪ್ರಾನೊಲಾಲ್ ಕೊಟ್ಟರು. ಮರುದಿನವೇ ಗಡ್ಡೆಯ ಕೆಂಪು ಬಣ್ಣ ನೇರಳೆಗೆ ತಿರುಗಿ ಅದು ಮೆತ್ತಗಾಗಿತ್ತು. ಔಷಧಿ ಹೊಸತಲ್ಲ; ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಹೃದ್ರೋಗಿಗಳಿಗಾಗಿ ರೂಪಿಸಿದ್ದು. ಕ್ರಿಸ್ಟೀನ್ ಲೆಯೋಟೆ-ಲಬ್ರೆಝ್ ಮತ್ತು ಸಂಗಡಿಗರು ಇನ್ನಷ್ಟು ಮಕ್ಕಳಲ್ಲಿ ಇದನ್ನೇ ಕಂಡು 2008ರಲ್ಲಿ ಪ್ರಕಟಿಸಿದರು. 2014ರಲ್ಲಿ ಅಮೆರಿಕದ ಔಷಧ ಇಲಾಖೆ ಇದೇ ಬಳಕೆಗೆಂದು ಅದರ ದ್ರಾವಣಕ್ಕೆ ಅನುಮತಿ ನೀಡಿತು.

ರಚನಾದೋಷಕ್ಕೆ ಈ ಔಷಧಿ ನಾಟದು. ಅದು ಯಾವ ನಾಳದ್ದು ಎಂಬುದನ್ನು ನೋಡಿ ಲೇಸರ್, ನಾಳದೊಳಗೆ ಚುಚ್ಚುಮದ್ದು, ಶಸ್ತ್ರಕ್ರಿಯೆಗಳಲ್ಲಿ ಒಂದನ್ನು ಆರಿಸುತ್ತಾರೆ. ಕೆಲವಕ್ಕೆ ಸಿರೊಲಿಮಸ್ ಎಂಬ ಔಷಧಿಯೂ ಇದೆ. ಹೆಮಾಂಜಿಯೋಮಾ ರಭಸದಿಂದ ಬೆಳೆಯುವುದು ಮೊದಲ ಕೆಲವು ತಿಂಗಳಲ್ಲಿ. ಆದುದರಿಂದ ಕಣ್ಣು, ಮೂಗು, ತುಟಿಗಳ ಬಳಿ ಕೆಂಪು ಕಂಡ ವಾರವೇ ಮಗುವನ್ನು ವೈದ್ಯರಿಗೆ ತೋರಿಸಬೇಕು. ಪ್ರೊಪ್ರಾನೊಲಾಲ್‌ನಿಂದ ಮಗುವಿನ ರಕ್ತದ ಸಕ್ಕರೆ ಇಳಿಯುವ ಸಂಭವವಿದೆ. ಆದ್ದರಿಂದ ವೈದ್ಯರು ಅದನ್ನು ಹಾಲೂಡಿಸುವಾಗ ಅಥವಾ ಹಾಲೂಡಿಸಿದ ಕೂಡಲೇ ಕೊಡಲು ತಾಯಿಗೆ ಹೇಳುತ್ತಾರೆ.